ಬಾಣಂತಿ ಬಾವಲಿ

ಪಕ್ಕದ ಮನೆಯಿಂದ ಅಜವಾನದ ಹೊಗೆ ಕಿಟಕಿ ದಾಟಿ ಬಂತು. ಅಲ್ಲಿ ಬಾಣಂತಿ ಇದ್ದಾಳೆಂದು ಮೂಗಿಗೇ ಗೊತ್ತಾಯಿತು. ಈ ಹೊಗೆ ಬಡಿದರೆ ಸಾಕು, ಕೊಟ್ಟೂರಿನ ನಮ್ಮ ಮನೆಯ ಜೊತೆಗೇ ನೀಲಮ್ಮತ್ತೆಯೂ ನೆನಪಾಗುತ್ತಾಳೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಮನೆಯ ಆಡಳಿತವೆಲ್ಲ ಅವಳದೇ. ಪ್ರಾಣಿಗಳನ್ನೂ ಬಿಟ್ಟವಳಲ್ಲ. ಒಳಗೆ ಬರಬಹುದಾದವು, ಅಂಗಳದಲ್ಲೇ ನಿಲ್ಲಬೇಕಾದವು, ಕಂಡರೆ ಕಸಬರಿಗೆ ಎತ್ತಬೇಕಾದವು ಎಂದು ವಿಂಗಡಿಸಿದ್ದಳು. ನಾನು ಆಗಷ್ಟೇ ವಿಜ್ಞಾನದ ಮೇಷ್ಟ್ರಾಗಿದ್ದೆ. ನನ್ನನ್ನು ಯಾವ ಗುಂಪಿಗೆ ಹಾಕಿದ್ದಳೋ, ಕೇಳುವ ಧೈರ್ಯವಾಗಲಿಲ್ಲ.

ತಂಗಿ ಹೆರಿಗೆಗೆ ಬಂದಿದ್ದಳು. ಕೂಸನ್ನು ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾವಲಿಯೊಂದು ಪಡಸಾಲೆಗೆ ನುಗ್ಗಿ, ಗಿರಕಿ ಹೊಡೆದು, ನನ್ನ ಕೋಣೆಯ ಜಂತಿಗೆ ಜೋತುಬಿತ್ತು. ಅತ್ತೆ ಹಣೆ ಚಚ್ಚಿಕೊಂಡಳು.

“ಕೆಟ್ಟ ಹಕ್ಕಿ ಹೊಕ್ಕೈತಿ! ಮೂರು ತಿಂಗಳು ಮನಿ ಬಿಡಬೇಕು. ನಡೀರಿ ಎಲ್ಲಾರೂ, ಇಟ್ಟಿಗಿ ಊರಿನ ನೆಂಟರ ಮನಿಗೆ ಹೋಗೋಣ.”

ನೀವು ನಗಬೇಡಿ, ನಮ್ಮ ಕಡೆ ಅದು ರೂಢಿ. ಆದರೆ ಹಸಿ ಬಾಣಂತಿ, ಎಳೆಗೂಸು, ಆ ಗುಂಡಿ ಬಿದ್ದ ದಾರಿ! ತಂಗಿ ಕೂಸನ್ನು ಅವಚಿಕೊಂಡು ಅಳತೊಡಗಿದಳು. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಬೇರೇನೂ ತೋಚದೆ ಪಾಠ ಶುರುಮಾಡಿದೆ.

“ಅತ್ತೀ, ಅದು ಹಕ್ಕಿ ಅಲ್ಲ, ಸಸ್ತನಿ. ತತ್ತಿ ಇಡಂಗಿಲ್ಲ, ಮರಿ ಹಾಕ್ತೈತಿ, ಹಾಲು ಕುಡಸ್ತೈತಿ. ನಾವು, ಕುರಿ, ಬೆಕ್ಕು, ಅದು, ಎಲ್ಲಾ ಒಂದ ಗುಂಪು.”

“ಲೇ, ಸುಳ್ಳು ಹೇಳಬ್ಯಾಡ!”

ಬ್ಯಾಟರಿ ಬೆಳಕು ಬಿಟ್ಟೆ. ನನ್ನ ಪುಣ್ಯ, ಬಾವಲಿಯ ಎದೆಗೆ ಪುಟ್ಟ ಮರಿಯೊಂದು ಕಚ್ಚಿಕೊಂಡಿತ್ತು. ಅತ್ತೆ ಬಹಳ ಹೊತ್ತು ಕತ್ತೆತ್ತಿ ನೋಡಿದಳು.

“ಅಯ್ಯ ಶಿವನೇ, ಇದೂ ಬಾಣಂತಿ! ಬಾಣಂತಿನ್ನ ಹೊರಗ ಹಾಕಿದ್ರ ಯಾವ ದೇವರು ಮೆಚ್ಚತಾನ? ಯಾರೂ ಎಲ್ಲಿಗೂ ಹೋಗಾದು ಬ್ಯಾಡ.”

ತಂಗಿ ಅಳುತ್ತಲೇ ನಕ್ಕಳು. ಗೆದ್ದೆನೆಂದು ನಾನು ಬೀಗುವಷ್ಟರಲ್ಲಿ ಅತ್ತೆ ನನ್ನ ಹಾಸಿಗೆ ಸುತ್ತಿ ಕಟ್ಟೆಯ ಮೇಲಿಟ್ಟಳು. ಬಾಣಂತಿ ಇರುವ ಕೋಣೆಗೆ ಗಂಡಸರು ಕಾಲಿಡಬಾರದಂತೆ. ಮರುದಿನ ಆ ಕೋಣೆಗೂ ಕೆಂಡ, ಅಜವಾನದ ಹೊಗೆ ಹೋಯಿತು. ಉಪಚಾರ ತಾಳಲಾರದೆ ಬಾವಲಿ ಮರಿ ಸಮೇತ ಜಾಗ ಖಾಲಿಮಾಡಿತು. “ಇಷ್ಟು ಲಗೂನ ಯಾರರ ತವರುಮನಿ ಬಿಟ್ಟು ಹೋಗ್ತಾರಾ?” ಎಂದು ಅತ್ತೆ ಪೇಚಾಡಿದಳು.

ತಂಗಿಯ ಆ ಕೂಸು, ನನ್ನ ಸೋದರಸೊಸೆ, ಈಗ ಹೈಸ್ಕೂಲಿನಲ್ಲಿದ್ದಾಳೆ. ಇವತ್ತು ತಡೆಯಲಾರದೆ ಅತ್ತೆಗೆ ಫೋನ್ ಮಾಡಿದೆ. ಅವಳ ದನಿಯಲ್ಲಿ ಸಂಕಟವಿತ್ತು.

“ನಿನ್ನ ಸೊಸಿ ಪುಸ್ತಕ ಓದಿ ಹೇಳಿದ್ಳು. ತಿಮಿಂಗಿಲನೂ ಹಾಲು ಕುಡಸ್ತೈತಂತ, ಖರೇನಾ?”

“ಖರೇ ಅತ್ತಿ.”

“ಅಷ್ಟು ತಣ್ಣೀರಾಗ ಅದರ ಬಾಣಂತನ ಹೆಂಗಪಾ?”

ಅದಕ್ಕೆ ಚರ್ಮದಡಿ ದಪ್ಪ ಕೊಬ್ಬಿದೆ, ಚಳಿ ತಾಗುವುದಿಲ್ಲ ಎಂದೆ.

“ಹಂಗಾರ ಚಿಂತಿಲ್ಲ ಬಿಡು. ಕಂಬಳಿ ಹೊದ್ಕೊಂಡ ಅದಾಳ.”

ನಾಳೆ ತರಗತಿಯಲ್ಲಿ ನಾನೂ ಹಾಗೆಯೇ ಹೇಳುವವನಿದ್ದೇನೆ.