ಬಾನೆಟ್ ಮೇಲಿನ ಜಾಗ

ಎಂಬತ್ತರ ದಶಕದಲ್ಲಿ ನಾನು ಮೇಷ್ಟ್ರ ಕೆಲಸಕ್ಕೆಂದು ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದ ಖಾಸಗಿ ಬಸ್ಸಿನ ಡ್ರೈವರ್ ಆತ. ಟೀ ಅಂಗಡಿಯಲ್ಲಿ ಯಾರಾದರೂ ತನ್ನ ಕಂಪನಿಯ ಬಗ್ಗೆ ಹಗುರವಾಗಿ ಮಾತಾಡಿದರೆ ಸಾಕು, ಲೋಟ ಕುಕ್ಕಿ ಎದ್ದು ನಿಲ್ಲುತ್ತಿದ್ದ. "ನೀನ್ ಕಣ್ಣಾರೆ ನೋಡಿದ್ಯೇನಯ್ಯಾ?"

ಒಮ್ಮೆ ರೇಷ್ಮೆಗೂಡು ಮಾರಲು ಹೊರಟಿದ್ದ ಕೆಂಚಾರ್ಲಹಳ್ಳಿಯವನೊಬ್ಬ, "ಈ ಬಸ್ಸಿಗೆ ಬ್ರೇಕೇ ಇಲ್ವಂತೆ, ಓನರ್ರು ರಿಪೇರಿನೇ ಮಾಡ್ಸಲ್ವಂತೆ" ಎಂದ.

"ಯಾರೋ ಬೊಗಳಿದ್ರು ಅಂತ ನೀನೂ ಬೊಗಳ್ತೀಯಾ? ನಮ್ ಸಾಹುಕಾರ್ರು ಅಂಥೋರಲ್ಲ. ಬಾ, ಕೂತ್ಕೊ!" ಎಂದು ಅವನನ್ನು ಎಳೆದೊಯ್ದು ತನ್ನ ಪಕ್ಕದ ಬಿಸಿ ಬಾನೆಟ್ ಮೇಲೆ ಕೂರಿಸಿದ. ದಾರಿಯುದ್ದಕ್ಕೂ ಬೇಕೆಂದೇ ಬ್ರೇಕ್ ತುಳಿದ. ಗೂಡಿನ ಮೂಟೆಗಳು ಉರುಳಿದವು, ನಮ್ಮೆಲ್ಲರ ಹಣೆ ಮುಂದಿನ ಸೀಟಿಗೆ ಬಡಿಯಿತು.

"ಈಗ್ ನೋಡ್ದಾ? ಹೋಗಿ ಎಲ್ರಿಗೂ ಹೇಳು."

ಮರುವರ್ಷ ಅದೇ ಬಸ್ಸು ಕೆರೆ ಏರಿಯ ತಿರುವಿನಲ್ಲಿ ನಿಲ್ಲದೆ ಹುಣಸೆ ಮರಕ್ಕೆ ಗುದ್ದಿತು. ಅಂದು ಬಾನೆಟ್ ಮೇಲೆ ಕೂತಿದ್ದವನು ನಾನು. ಡ್ರೈವರ್ ಎಷ್ಟು ತುಳಿದರೂ ಬ್ರೇಕ್ ಹಿಡಿಯಲಿಲ್ಲ. ಅವನ ಕಾಲು ಮುರಿಯಿತು. ಮಾರನೆಯ ದಿನ ಸಾಹುಕಾರರು ಅದೇ ಟೀ ಅಂಗಡಿಗೆ ಬಂದು, "ಬೆಳಿಗ್ಗೇನೇ ಕುಡ್ದಿದ್ದ ಕಣ್ರಪ್ಪಾ" ಎಂದರು. ಅಲ್ಲಿದ್ದವರೆಲ್ಲ ತಲೆಯಾಡಿಸಿದರು. ನಾನು ಜಗಳವಾಡಿದೆ, ಯಾರೂ ಕೇಳಲಿಲ್ಲ.

ಮೈ ಉರಿಯುತ್ತಲೇ ಆಸ್ಪತ್ರೆಗೆ ಹೋಗಿ ಅವನಿಗೆ ಅದನ್ನು ಹೇಳಿದೆ. ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದವನು ಮೊಣಕೈ ಊರಿ ಸಿಟ್ಟಿನಿಂದ ಎದ್ದ.

"ನಮ್ ಸಾಹುಕಾರ್ರಾ? ನೀವ್ ಕಣ್ಣಾರೆ ನೋಡಿದ್ರಾ ಮೇಷ್ಟ್ರೇ?"

ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಗೆ ಹೂಂ ಎಂದವನು ನಾನೊಬ್ಬನೇ.