ಹಿತ್ತಲ ಬಾಗಿಲಿನಿಂದ ಬರುತ್ತಿದ್ದ ಅತ್ತೆ

ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ನನ್ನ ಪಾಲಿಗಿದ್ದ ಕೆಲಸ ಒಂದೇ, ಅತ್ತೆಗೆ ನೀರು ಕಾಯಿಸುವುದು. ಹಿತ್ತಲಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಮಸಿ ಹಿಡಿದ ಹಂಡೆ. ಒಣಗಿದ ನೀಲಗಿರಿ ಎಲೆ ತುರುಕಿದರೆ ಬೆಂಕಿ ಚಟಪಟ ಅಂತ ಹತ್ತಿಕೊಳ್ಳುತ್ತಿತ್ತು. ಹೊಗೆಯೆಲ್ಲ ನನ್ನ ಕಣ್ಣಿಗೇ. ಸ್ಕೂಲಿಗೆ ಹೋಗಿದ್ದು ಕಮ್ಮಿ, ಒಲೆ ಊದಿದ್ದು ಜಾಸ್ತಿ.

ನಮ್ಮೂರು ಜಿಗಣಿ ಪಕ್ಕ. ಆಗಿನ್ನೂ ಫ್ಯಾಕ್ಟರಿಗಳು ಬಂದಿರಲಿಲ್ಲ. ರಾಗಿ ಹೊಲದಲ್ಲಿ ಸರ್ವೇದವರು ಕಲ್ಲು ನೆಟ್ಟು ಹೋಗಿದ್ದರು, ಅಷ್ಟೆ. ಮಧ್ಯಾಹ್ನ ಬಂಡೆಗೆ ಸಿಡಿಮದ್ದು ಇಟ್ಟರೆ ನಮ್ಮ ಅಡುಗೆಮನೆಯ ಪಾತ್ರೆಗಳು ಗಡಗಡ ಅನ್ನುತ್ತಿದ್ದವು.

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾದ ವರ್ಷವೇ ಗಂಡ ತೀರಿಕೊಂಡ. ಆಮೇಲೆ ನರ್ಸ್ ಕೆಲಸ ಕಲಿತು ಸರ್ಕಾರಿ ಆಸ್ಪತ್ರೆ ಸೇರಿದಳು. ಬಿಳಿ ಸೀರೆ, ಕೈಯಲ್ಲೊಂದು ಬ್ಯಾಗು, ಮೈಯೆಲ್ಲ ಸ್ಪಿರಿಟ್ಟಿನ ವಾಸನೆ. ಸುತ್ತಲಿನ ಊರುಗಳಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಅತ್ತೆ ಹೋಗಬೇಕು. ನಡೆದೇ ಹೋಗಬೇಕು.

ಹೆರಿಗೆಯಾದ ಮನೆಗೆ ಕೆಲವು ದಿನ ಅಂಟುವ ಮೈಲಿಗೆಗೆ ಪುರುಡು ಅನ್ನುತ್ತಿದ್ದರು. ಆ ಮೈಲಿಗೆ ಮುಟ್ಟಿದವರು ತಲೆಗೆ ನೀರು ಹುಯ್ದುಕೊಳ್ಳದೆ ಹೊಸಿಲು ದಾಟುವ ಹಾಗಿರಲಿಲ್ಲ. ಬೇರೆಯವರಿಗೆ ಅದು ಎಂದೋ ಒಂದು ದಿನದ ಮಾತು. ಅತ್ತೆಗೆ ದಿನವೂ ಅದೇ. ಮಳೆಯಿರಲಿ, ಚಳಿಯಿರಲಿ, ಹಿತ್ತಲಲ್ಲಿ ಸೀರೆಯುಟ್ಟೇ ಸ್ನಾನ, ಆಮೇಲೆ ಹಿತ್ತಲ ಬಾಗಿಲಿನಿಂದ ಒಳಗೆ. ಅಜ್ಜಿ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಅಜ್ಜಿ ಬೇರೆ ಯಾರೂ ಅಲ್ಲ, ಅತ್ತೆಯನ್ನು ಹೆತ್ತ ತಾಯಿ.

ಒಂದು ದಿನದ ಮಾತು ಹೇಳುತ್ತೇನೆ, ಕೇಳಿ ಮಕ್ಕಳೇ. ಮಾಗಿಯ ಚಳಿ. ಅತ್ತೆಗೆ ಜ್ವರ. ಬೆಳಿಗ್ಗೆ ಹಾಗೇ ಮಲಗಿದ್ದಳು. ಬಂಡೆ ಒಡೆಯುವವನೊಬ್ಬ ಓಡಿ ಬಂದು ಬೇಲಿಯಾಚೆ ನಿಂತ.

"ನರ್ಸಮ್ಮಾ, ಬಿರ್ನೆ ಬನ್ನಿ. ನನ್ ಎಂಡ್ತಿ ಒದ್ದಾಡ್ತಾವ್ಳೆ."

ಅತ್ತೆ ಎದ್ದಳು. ತಲೆ ತಿರುಗಿ ಗೋಡೆ ಹಿಡಿದುಕೊಂಡಳು. "ಬ್ಯಾಗು ಇಡ್ಕೊಂಡು ಬಾರೇ" ಅಂತ ನನ್ನನ್ನೂ ಕರೆದುಕೊಂಡು ಹೋದಳು. ಅವರ ಗುಡಿಸಲ ಹೊರಗೆ ನಾನು ಕಲ್ಲುಪುಡಿಯಲ್ಲಿ ಗೆರೆ ಎಳೆಯುತ್ತ ಕೂತೆ. ಬಿಸಿಲು ಏರಿ ಇಳಿದ ಮೇಲೆ ಮಗು ಅತ್ತಿತು. ಅವರು ಬೆಲ್ಲದ ಕಾಪಿ ಕೊಟ್ಟರು. ಅತ್ತೆ ಒಂದು ಗುಟುಕು ಕುಡಿದು ಲೋಟ ನನಗೆ ಕೊಟ್ಟಳು. ದಾರಿಯಲ್ಲಿ ಅವಳು ಸಿಕ್ಕ ಸಿಕ್ಕ ಬಂಡೆಯ ಮೇಲೆ ಕೂತು ಕೂತು ಎದ್ದಳು.

ಮನೆ ಹಿತ್ತಲಿಗೆ ಬಂದರೆ ಒಳಗೆ ಅಮ್ಮ ಕಿರುಚುತ್ತಿದ್ದಳು. ದಿನ ತುಂಬಿತ್ತು, ಆಗಲೇ ನೋವು ಶುರುವಾಗಿತ್ತು. ಅಪ್ಪ ಬಾವಿ ಹಗ್ಗ ಹಿಡಿದು ಸುಮ್ಮನೆ ನಿಂತಿದ್ದ. ನಾನು ಅತ್ತೆ ಜೊತೆ ಹೋಗಿದ್ದರಿಂದ ಒಲೆ ಹೊತ್ತಿಸುವವರೇ ಇರಲಿಲ್ಲ. ಹಂಡೆಯ ನೀರು ಮಂಜಿನ ಹಾಗಿತ್ತು.

"ಅಲ್ಲೇ ನಿಂತ್ಕೋ," ಅಂದಳು ಅಜ್ಜಿ. "ನೀರು ಉಯ್ಕೊಂಡು ಒಳೀಕ್ ಬಾ."

"ಅವ್ವಾ, ಮೈ ಸುಡ್ತೈತೆ. ಮುಟ್ಟಿ ನೋಡು."

"ನಿನ್ನ ಮುಟ್ರೆ ಆಮ್ಯಾಕೆ ನಾನೂ ಉಯ್ಕೋಬೇಕು!"

ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ಒಳಗಿಂದ ಅಮ್ಮ "ಅತ್ಗೇ" ಅಂತ ಕೂಗಿದಳು. ಹೋದ ವರ್ಷ ಎದುರು ಮನೆಯಾಕೆ ಹೆರಿಗೆಯಲ್ಲೇ ಸತ್ತಿದ್ದಳು.

"ಅವ್ವಾ, ಒಂದು ಮಾತು ಕೇಳ್ತೀನಿ," ಅಂದಳು ಅತ್ತೆ. ದನಿ ಏರಿಸಲಿಲ್ಲ. "ನಿನ್ ಸೊಸೆ ಎತ್ತ ಮ್ಯಾಕೆ ಈ ಮನೆಗೆ ಪುರುಡು ಬತ್ತದೋ ಇಲ್ವೋ?"

"ಬತ್ತದೆ."

"ನಿಂಗೂ ಪುರುಡು, ನಿನ್ ಮಗಂಗೂ ಪುರುಡು. ನಾನೊಬ್ಳು ಮಡಿಯಾಗಿ ಯಾರ್ ಜೊತೆ ಬಾಳ್ಲಿ?"

ಅಪ್ಪನಿಗೆ ನಗು ಬಂತು, ಕೆಮ್ಮಿ ನುಂಗಿಕೊಂಡ. ಅಜ್ಜಿ ಬಿಡುವವಳಲ್ಲ. "ಇನ್ನೂ ಎತ್ತಿಲ್ವಲ್ಲೇ" ಅಂದಳು.

"ಅಂಗಾದ್ರೆ ಅವ್ಳು ಎರೋಗಂಟ ನಾನು ಇಲ್ಲೇ ಕುಂತಿರ್ತೀನಿ. ನೀನೇ ಓಗಿ ಮಗೀನ ಎತ್ಕೋ."

ಅಮ್ಮ ಮತ್ತೆ ಕಿರುಚಿದಳು. ಅಜ್ಜಿ ಒಳಗೆ ನೋಡಿದಳು, ಅತ್ತೆಯನ್ನು ನೋಡಿದಳು. ಏನೋ ಗೊಣಗಿಕೊಂಡು ಚೊಂಬು ತೆಗೆದುಕೊಂಡು ಹೊಸಿಲಿಳಿದು ಬಂದಳು. ಅತ್ತೆ ಬ್ಯಾಗಿನಿಂದ ಸೋಪು ತೆಗೆದು ಮೊಣಕೈವರೆಗೂ ಉಜ್ಜಿದಳು. ಆ ತೊಳೆಯುವುದನ್ನು ಮಾತ್ರ ಅವಳು ಎಂದೂ ಬಿಟ್ಟವಳಲ್ಲ, ಜ್ವರದಲ್ಲೂ ಅವಸರ ಮಾಡಲಿಲ್ಲ. ಅಜ್ಜಿ ನೀರು ಹುಯ್ದಳು. ಅಜ್ಜಿ ಅವಳ ಕೈಗೆ ನೀರು ಹುಯ್ದಿದ್ದು ನಾನು ನೋಡಿದ್ದು ಅದೊಂದೇ ಸಲ.

ಅತ್ತೆ ತಲೆಗೆ ನೀರಿಲ್ಲದೆ ಹಾಗೇ ಒಳಗೆ ಹೋದಳು. ದೀಪ ಹಚ್ಚುವ ಮುಂಚೆ ನನ್ನ ತಮ್ಮ ಹುಟ್ಟಿದ. ಅಮ್ಮ ಉಳಿದುಕೊಂಡಳು.

ಮನೆಗೇ ಪುರುಡು ಬಂದಿತ್ತಲ್ಲ, ಅದು ಕಳೆಯುವವರೆಗೂ ಅತ್ತೆ ಎಲ್ಲಿಂದ ಬಂದರೂ ಸ್ನಾನವಿಲ್ಲದೆ ಮುಂಬಾಗಿಲಿನಿಂದಲೇ ಬಂದಳು. ಮೊದಲ ದಿನಗಳಲ್ಲಿ, ಜ್ವರ ಬಿಡುವ ತನಕ, ಒಲೆ ಪಕ್ಕ ಚಾಪೆ ಹಾಕಿಕೊಂಡು ಬಾಯಿ ತೆರೆದು ಮಲಗಿದಳು. ಅಷ್ಟು ನಿದ್ದೆ ಅವಳು ಮತ್ತೆಂದೂ ಮಾಡಲಿಲ್ಲ. ಪುರುಡು ಕಳೆದ ದಿನ ಅಜ್ಜಿ ಮನೆಯೆಲ್ಲ ಸಾರಿಸಿ, ಗಂಜಳ ಚಿಮುಕಿಸಿ, ಹಿತ್ತಲ ಹಂಡೆಗೆ ನೀರು ತುಂಬಿದಳು. ನಾನು ಒಲೆ ಹೊತ್ತಿಸಿದೆ. ಎಲ್ಲ ಮೊದಲಿನ ಹಾಗೇ.

ಮಂಡಿ ಸವೆಯುವವರೆಗೂ ಅತ್ತೆ ಅದೇ ಕೆಲಸ ಮಾಡಿದಳು. ರಿಟೈರ್ ಆದ ಮೇಲೂ ಜನ ಬಾಗಿಲು ಬಡಿಯುತ್ತಿದ್ದರು, ಅವಳು ಬೈದುಕೊಂಡೇ ಹೋಗುತ್ತಿದ್ದಳು. ಅವಳು ಸತ್ತ ದಿನ ನಾವೆಲ್ಲ ಹಿತ್ತಲಲ್ಲಿ ತಲೆಗೆ ನೀರು ಹುಯ್ದುಕೊಂಡು ಒಳಗೆ ಬಂದೆವು. ನೀರು ಕಾಯಿಸುವುದು ಯಾರಿಗೂ ನೆನಪಾಗಲಿಲ್ಲ.

ಈಗ ನಮ್ಮ ರಾಗಿ ಹೊಲವಿದ್ದ ಕಡೆ ಫ್ಯಾಕ್ಟರಿಯ ಶೆಡ್ಡು ನಿಂತಿದೆ. ನಿಮ್ಮ ಪುಟ್ಟ ತಂಗಿ ಹುಟ್ಟಿದ್ದು ಲಿಫ್ಟ್ ಇರುವ ಆಸ್ಪತ್ರೆಯಲ್ಲಿ. ನೋಡೋಣ ಅಂತ ಹೋದರೆ ನರ್ಸ್ ಹುಡುಗಿ ಬಾಗಿಲಲ್ಲಿ ನನ್ನನ್ನೇ ತಡೆದಳು. "ಅಜ್ಜಿ, ಅಲ್ಲೇ ನಿಂತ್ಕೊಳಿ. ಕೈಗೆ ಇದು ಹಚ್ಕೊಂಡು ಬನ್ನಿ" ಅಂದಳು. ಹಚ್ಚಿಕೊಂಡೆ. ಸ್ಪಿರಿಟ್ಟಿನ ವಾಸನೆ, ಅತ್ತೆಯದೇ. ಹುಡುಗಿಯ ಕಣ್ಣು ಕೆಂಪಗಿತ್ತು, ನೈಟ್ ಡ್ಯೂಟಿ ಮುಗಿಸಿ ಇನ್ನೂ ಹೊರಟಿರಲಿಲ್ಲ.

"ಮನೇಲಿ ನಿಂಗೆ ಯಾರವ್ವ ನೀರು ಕಾಯ್ಸೋರು?" ಅಂದೆ.

"ಗೀಸರ್ ಇದ್ಯಲ್ಲ ಅಜ್ಜಿ" ಅಂತ ನಕ್ಕಳು.

ನನಗೂ ಅಷ್ಟೇ ಬೇಕಿತ್ತು. ಮುಂಬಾಗಿಲಿನಿಂದ ಹೋಗಿ ಮಲಗಲಿ ಅವಳು.