ಅಮ್ಮ ಖಾಲಿ ತೊಟ್ಟಿಲಿಗೆ ಹಾಡಲಿಲ್ಲ

ನನ್ನ ಮಗಳು ಹುಟ್ಟಿದ್ದು ದಿಲ್ಲಿಯಲ್ಲಿ. ಅದೇ ತಿಂಗಳು ತುಮಕೂರಿನಲ್ಲಿ ಅಪ್ಪ ಮೆಟ್ಟಿಲು ಜಾರಿ ಕಾಲು ಮುರಿದುಕೊಂಡರು, ಅಮ್ಮ ಬರಲಾಗಲಿಲ್ಲ. ಹೀಗಾಗಿ ನಮ್ಮ ವಂಶದಲ್ಲಿ ಅಮ್ಮನ ಜೋಗುಳ ಕೇಳದೆ ಬೆಳೆದ ಕೂಸು ಅವಳೊಬ್ಬಳೇ. ಆ ಜೋಗುಳವೆಂದರೆ ಬರೀ ಹಾಡಲ್ಲ. ತೊಟ್ಟಿಲು ನೋಡಲು ಯಾರು ಯಾರು ಬಂದರು, ಏನೇನು ತಂದರು ಎಂದು ಹೆಣೆಯುತ್ತ ಹೋಗಿ, ಕೊನೆಗೆ ಮಗುವಿನ ಹೆಸರು ಹೇಳಿ ಮುಗಿಸುವ ಉದ್ದನೆಯ ಕತೆ. ನನಗೆ ಮಾತು ಬಂದದ್ದೇ ಅದನ್ನು ಕೇಳಿ.

ಅಮ್ಮ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಬಂದು ನಿಲ್ಲುವ ಹೊತ್ತಿಗೆ ಮಗಳಿಗೆ ಎಂಟು ವರ್ಷ. "ಇವಳಿಗೊಂದು ಸಲ ಹಾಡಮ್ಮ" ಎಂದು ಎಷ್ಟು ಗೋಗರೆದರೂ ಒಂದೇ ಉತ್ತರ.

"ತೊಟ್ಟಿಲಿಲ್ದೆ ಜೋಗುಳ ಹಾಡ್ತಾರೇನೋ? ಅನ್ನ ಹಾಕದೆ ಸಾರು ಬಡಿಸಿದ ಹಾಗಾಯ್ತು."

ಅದಕ್ಕೇ ನಾನೊಂದು ಹೂಟ ಹೂಡಿದೆ. ದಿಲ್ಲಿಯಲ್ಲಿ ನಮ್ಮ ಕಡೆಯವರೆಲ್ಲ ಸೇರುವ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಅರ್ಧ ಗಂಟೆಯ ಸಂಗೀತ ನಾಟಕ ಬರೆದೆ. ನಿದ್ದೆಯೇ ಬಾರದ ಒಂದು ಮಗುವಿನ ಕತೆ. ಕತೆ ಹೇಳುವವನು ನಾನು. ನಡುನಡುವೆ ಮೂರು ಜೋಗುಳ ಅಮ್ಮನವು, ಮೂರನೆಯದು ಆ ಉದ್ದನೆಯ ಹಾಡು. ಮಗಳಿಗೆ ಚಂದ್ರನ ಪಾತ್ರ ಕೊಟ್ಟು ತೊಟ್ಟಿಲ ಪಕ್ಕದಲ್ಲೇ ಸ್ಟೂಲು ಹಾಕಿದೆ. ಕೇಳದೆ ಎಲ್ಲಿ ಹೋಗುತ್ತಾಳೆ!

ತೊಟ್ಟಿಲು ಸಿಕ್ಕಿದ್ದು ಮಯೂರ್ ವಿಹಾರದ ಪರಿಚಿತರ ಬಾಲ್ಕನಿಯಲ್ಲಿ, ಹಳೇ ಪೇಪರು ತುಂಬಿಕೊಂಡು. ಆಟೋದಲ್ಲಿ ಅದನ್ನು ತಬ್ಬಿಕೊಂಡು ಯಮುನೆ ದಾಟುವಾಗ ಡ್ರೈವರ್ ಕನ್ನಡಿಯಲ್ಲಿ ನನ್ನ ನರೆಗೂದಲು ನೋಡಿ ನಕ್ಕು, ಹುಟ್ಟಿದ್ದು ಗಂಡೋ ಹೆಣ್ಣೋ ಎಂದು ಕೇಳಿದ.

"ಬಧಾಯಿ ಹೋ ಸಾಬ್! ಬೇಟಾ ಯಾ ಬೇಟಿ?"

"ನಾಟಕ್," ಎಂದೆ.

ಮನೆಗೆ ತಂದರೆ ಅಮ್ಮನ ಹೊಸ ತಕರಾರು. ಖಾಲಿ ತೊಟ್ಟಿಲು ತೂಗಬಾರದು. ಬೊಂಬೆ ಮಲಗಿಸಿದರೆ "ಪ್ಲಾಸ್ಟಿಕ್ಕಿಗೆ ನಾನು ಹಾಡಲ್ಲ." ರಿಹರ್ಸಲ್‌ನಲ್ಲೆಲ್ಲ ಬಾಯಿ ಬಿಡದೆ ತೊಡೆಯ ಮೇಲೆ ತಾಳ ಹಾಕಿದ್ದೇ ಹಾಕಿದ್ದು. ಹಾರ್ಮೋನಿಯಂ ನುಡಿಸುವ ನನ್ನ ಆಫೀಸಿನ ಗೆಳೆಯ ಕಂಗಾಲಾಗಿ, "ಅಮ್ಮಾ, ಶ್ರುತಿಯಾದ್ರೂ ಹೇಳಿ" ಎಂದ.

"ಮಗು ಅಳೋ ಶ್ರುತಿ. ಅದು ಅತ್ತ ಮೇಲೆ ನೋಡ್ಕೊಳ್ಳಪ್ಪ."

ಕೊನೆಗೆ ಮೇಲಿನ ಮನೆಯ ಪಂಜಾಬಿ ಹೆಂಗಸು ತನ್ನ ಎಂಟು ತಿಂಗಳ ಗಂಡುಮಗುವನ್ನು ಕೊಡಲು ಒಪ್ಪಿದಳು. "ಚಿಂತಾ ಮತ್ ಕರೋ ಭಾಯಿಸಾಬ್, ಯೇ ಕಿಸೀ ಕೇ ಪಾಸ್ ನಹೀ ಸೋತಾ." ಯಾರ ಹತ್ತಿರವೂ ಮಲಗುವ ಮಗುವಲ್ಲವಂತೆ. ನಿದ್ದೆ ಬಾರದ ಮಗುವಿನ ಪಾತ್ರಕ್ಕೆ ಇನ್ನೇನು ಬೇಕು?

ಚಳಿಗಾಲದ ಭಾನುವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಶಾಲು, ಸ್ವೆಟರು, ಶೇಂಗಾ ಸಿಪ್ಪೆ. ನಾನು ಕತೆ ಶುರು ಮಾಡಿದೆ. ಅಮ್ಮ ತೊಟ್ಟಿಲಿಗೆ ಕೈ ಹಚ್ಚಿ ಮೊದಲ ಜೋಗುಳ ಎತ್ತಿಕೊಂಡರು. ಎರಡು ನುಡಿ ಆಗಿತ್ತೋ ಇಲ್ಲವೋ, ಹಾಡು ನಿಂತಿತು.

ಯಾರ ಹತ್ತಿರವೂ ಮಲಗದ ಮಗು ಬಾಯಿ ತೆರೆದು ಗಾಢ ನಿದ್ದೆಯಲ್ಲಿತ್ತು.

"ಅಮ್ಮಾ, ಇನ್ನೂ ಎರಡು ಹಾಡು ಬಾಕಿ ಇದೆ," ಎಂದು ಪಿಸುಗುಟ್ಟಿದೆ.

"ಮಲಗಿದ ಮಗೂಗೆ ಹಾಡಿ ಎಬ್ಬಿಸ್ತಾರೇನೋ? ಮುಗೀತು ನಿನ್ನ ಕತೆ."

ಮೈಕು ಎದುರಿಗೇ ಇತ್ತು. ಹಾಲ್ ಗೊಳ್ಳೆಂದಿತು. ಅಮ್ಮ ತುಟಿಯ ಮೇಲೆ ಬೆರಳಿಟ್ಟು "ಶ್ಶ್" ಎಂದು ಗದರಿದರು. ಇಡೀ ಸಭೆ ಶಾಲೆಯ ಮಕ್ಕಳ ಹಾಗೆ ತೆಪ್ಪಗಾಯಿತು. ನನ್ನ ಹೂಟವೆಲ್ಲ ನೀರುಪಾಲಾಯಿತು ಎಂದುಕೊಂಡು ಪರದೆ ಎಳೆಯುವವನತ್ತ ತಿರುಗಿದೆ.

ಆಗ ಚಂದ್ರ ಸ್ಟೂಲಿನಿಂದ ಇಳಿದ. ರಟ್ಟಿನ ಕಿರೀಟ ಕಳಚಿ ಕೆಳಗಿಟ್ಟ. ನೇರ ಹೋಗಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಉದ್ದಕ್ಕೆ ಮಲಗಿಯೇಬಿಟ್ಟ.

"ಅಜ್ಜೀ, ನಂಗೆ ನೀಂದ್ ನಹೀ ಆಯೀ."

ತನಗೆ ನಿದ್ದೆ ಬಂದಿಲ್ಲವಂತೆ. ಅದು ನಾನು ಬರೆದ ಮಾತಲ್ಲ. ಅಮ್ಮ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಎಂಟು ವರ್ಷದ ಕತ್ತೆ!" ಎಂದು ಬೆನ್ನಿಗೊಂದು ಗುದ್ದಿ, ಆ ಗುದ್ದಿದ ಕೈಯಲ್ಲೇ ತಟ್ಟತೊಡಗಿದರು. ಎರಡನೆಯ ಜೋಗುಳದ ಗೋಜಿಗೇ ಹೋಗದೆ ನೇರವಾಗಿ ಆ ಹಾಡು ಬಂತು, ಮಗು ಏಳದಷ್ಟು ಮೆಲ್ಲಗೆ. ಸೋದರತ್ತೆ ಬಂದಳು, ಸಕ್ಕರೆ ತಂದಳು. ಕಾಲು ಮುರಿದ ತಾತ ಕೋಲೂರಿ ಬಂದರು.

ಒಂದೊಂದು ನುಡಿ ಮುಗಿದಾಗಲೂ "ಮಲಗಿದ್ಯೇನೇ?" ಎಂದು ಅಮ್ಮ, "ನಹೀ" ಎಂದು ಇವಳು. ತುಮಕೂರಿನ ನಂಟರೆಲ್ಲ ಮುಗಿದರು. ಅಮ್ಮ ದಿಲ್ಲಿಗೆ ಕೈ ಹಾಕಿದರು. ತರಕಾರಿ ಭಯ್ಯಾ ಬಂದ, ಹಸಿ ಬಟಾಣಿ ತಂದ. ಬಾಲ್ಕನಿಯ ಪಾರಿವಾಳ ಇಣುಕಿ ಹೋಯಿತು. ಮೇಲಿನ ಮನೆಯ ಪರಾಠ ಬಂತು. ಜನ ಬಾಯಿಗೆ ಸೆರಗು, ಮಫ್ಲರು ಒತ್ತಿಕೊಂಡು ನಕ್ಕರು. ಸಂಘದ ಕಾರ್ಯದರ್ಶಿಗಳು ಗಡಿಯಾರ ತೋರಿಸಿ ತೋರಿಸಿ ಸಾಕಾಗಿ ಮೆಟ್ಟಿಲ ಮೇಲೆ ಕೂತರು. ಮುಂದಿನ ನೃತ್ಯಕ್ಕೆ ಗೆಜ್ಜೆ ಕಟ್ಟಿ ನಿಂತಿದ್ದ ಪುಟಾಣಿಯೊಂದು ಅಲ್ಲೇ ಗೋಡೆಗೊರಗಿ ತೂಕಡಿಸುತ್ತಿತ್ತು.

ಕೊನೆಯ ಸಾಲಿನಲ್ಲಿ, ನನ್ನ ಹೆಸರು ಬರುತ್ತಿದ್ದ ಜಾಗದಲ್ಲಿ, ಮಗಳ ಹೆಸರು ಬಂತು. "ಮಲಗಿದ್ಯೇನೇ?" ಎಂದರು ಅಮ್ಮ. ಈ ಸಲ ಇವಳು ಬಿಗಿಯಾಗಿ ಕಣ್ಣು ಮುಚ್ಚಿಕೊಂಡಿದ್ದಳು, ತುಟಿಯಲ್ಲಿ ಮಾತ್ರ ನಗು ನಿಲ್ಲುತ್ತಿರಲಿಲ್ಲ.

ಜನಕ್ಕೆ ತಡೆಯಲಾಗಲಿಲ್ಲ. ಚಪ್ಪಾಳೆ ಹಾಲಿನ ಸೂರು ಮುಟ್ಟಿತು. ತೊಟ್ಟಿಲಿನ ಮಗು ಬೆಚ್ಚಿ ಎದ್ದು, ನಮ್ಮ ಹಾರ್ಮೋನಿಯಂನವನು ಇಷ್ಟು ದಿನ ಕೇಳುತ್ತಿದ್ದ ಶ್ರುತಿಯನ್ನು ಕೊನೆಗೂ ಕೊಟ್ಟಿತು.

"ಎಬ್ಬಿಸಿದ್ರಲ್ಲ!" ಎಂದು ಅಮ್ಮ ಸಭೆಯನ್ನು ದುರುಗುಟ್ಟಿ ನೋಡಿದರು. "ನನ್ನ ತೊಡೆ ಜೋಮು ಹಿಡಿದಿದೆ. ಇನ್ನು ನೀವೇ ಹಾಡಿ ಮಲಗಿಸಿ."